ಮಿಡಲ್ ರೋಡಿನ ಸ್ವೀ ಕೀ: ಒಂದು ಕೋಳಿ ಅನ್ನದ ಹೋಟೆಲಿನ ಐವತ್ತು ವರ್ಷ

ಸಿಂಗಾಪುರದ ಹಳೆಯ ಸಂಸ್ಥೆಗಳಲ್ಲಿ ಯಾವುದರ ಬಗ್ಗೆ ಬರೆಯೋಣ ಎಂದು ಈ ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ಮಾತು ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ರಾಫಲ್ಸ್ ಹೋಟೆಲಿನ ಹೆಸರು. ರಾಫಲ್ಸಿನ ಚರಿತ್ರೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಅದರ ಪಕ್ಕದ ಬೀದಿಗಳ ಚರಿತ್ರೆ ಕನ್ನಡದಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮಿಡಲ್ ರೋಡಿನಲ್ಲಿ, 1947ರಿಂದ 1997ರವರೆಗೆ ಒಂದು ಊಟದ ಹೋಟೆಲು ನಡೆಯಿತು. ಹೆಸರು ಸ್ವೀ ಕೀ. ಅಲ್ಲಿಗೆ ಜನ ಹೋಗುತ್ತಿದ್ದದ್ದು ಒಂದೇ ಪದಾರ್ಥಕ್ಕಾಗಿ: ಬೇಯಿಸಿದ ಕೋಳಿ, ಕೋಳಿಯ ಸಾರಿನಲ್ಲೇ ಬೆಂದ ಅನ್ನ, ಪಕ್ಕಕ್ಕೆ ಕೆಂಪು ಮೆಣಸಿನಕಾಯಿಯ ಹುಳಿಖಾರ.

ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಕೇಳಿದರೂ ಸಿಂಗಾಪುರದ ಊಟ ಎಂದರೆ ಚಿಕನ್ ರೈಸ್ ಎನ್ನುತ್ತಾರೆ. ವಿಮಾನದಲ್ಲಿ ಕೊಡುತ್ತಾರೆ, ಶಾಲೆಯ ಕ್ಯಾಂಟೀನಿನಲ್ಲಿ ಕೊಡುತ್ತಾರೆ, ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ರಜೆಗೆ ಬೆಂಗಳೂರಿಗೆ ಹೋದ ಎರಡನೇ ವಾರಕ್ಕೇ ಅದನ್ನು ನೆನೆಸಿಕೊಳ್ಳುತ್ತಾರೆ. ನಮಗೆ ಊರು ಎಂದರೆ ಇನ್ನೆಲ್ಲೋ ಇದೆ. ಅವರಿಗೆ ಇದೇ ಊರು. ಅವರ ಊರಿನ ರುಚಿ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬುದನ್ನು ನಮ್ಮ ಭಾಷೆಯಲ್ಲೂ ಒಂದು ಕಡೆ ಬರೆದಿಡಬೇಕು ಎಂಬ ಆಸೆಯಿಂದ ನಾನು ಈ ಹೋಟೆಲನ್ನು ಆರಿಸಿಕೊಂಡೆ.

ಮೊದಲು ಜಾಗದ ಪರಿಚಯ. ನಾರ್ತ್ ಬ್ರಿಡ್ಜ್ ರೋಡಿನಿಂದ ಬೀಚ್ ರೋಡಿನ ಕಡೆಗೆ ಮೂರು ಬೀದಿಗಳು ಒಂದರ ಪಕ್ಕ ಒಂದು ಇಳಿಯುತ್ತವೆ: ಮಿಡಲ್ ರೋಡ್, ಪರ್ವಿಸ್ ಸ್ಟ್ರೀಟ್, ಸಿಯಾ ಸ್ಟ್ರೀಟ್. ಬ್ರಿಟಿಷರು ಇಟ್ಟ ಹೆಸರು ಇವು. ಇಲ್ಲಿ ವಾಸವಾಗಿದ್ದ ಹೈನಾನಿನ ಜನ ಮಾತ್ರ ಇವನ್ನು ಹೈನಾನ್ ಒಂದನೇ ಬೀದಿ, ಎರಡನೇ ಬೀದಿ, ಮೂರನೇ ಬೀದಿ ಎಂದೇ ಕರೆಯುತ್ತಿದ್ದರು. ಸ್ವೀ ಕೀ ಇದ್ದದ್ದು ಒಂದನೇ ಬೀದಿಯಲ್ಲಿ. ಬೀಚ್ ರೋಡಿನಲ್ಲಿ ಈಗ ಬೀಚಿಲ್ಲ, ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ ನೀರನ್ನು ಬಹುದೂರ ತಳ್ಳಿಬಿಟ್ಟಿದ್ದಾರೆ. ಆ ಕಾಲದಲ್ಲಿ ಅಲೆಗಳು ರಸ್ತೆಯ ಪಕ್ಕಕ್ಕೇ ಬರುತ್ತಿದ್ದವು. ಹಡಗಿನಿಂದ ಇಳಿದ ಹೈನಾನಿನ ಹುಡುಗ ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಈ ಬೀದಿಗಳನ್ನು. ಅವನ ಊರಿನವರು ನಡೆಸುವ ತಂಗುಮನೆ, ಕಾಫಿ ಅಂಗಡಿ, ಊರಿಗೆ ಹಣ ಕಳಿಸುವ ವ್ಯವಸ್ಥೆ, ದೇವಸ್ಥಾನ ಎಲ್ಲವೂ ಇಲ್ಲೇ. ಕಡಲ ಪಯಣಿಗರನ್ನು ಕಾಯುವ ತಾಯಿ ಮಾಝುವಿನ ಗುಡಿ ಮತ್ತು ಹೈನಾನಿಗರ ಸಂಘದ ಕಟ್ಟಡ ಬೀಚ್ ರೋಡಿನಲ್ಲಿ ಈಗಲೂ ಇವೆ. ಆ ಸಂಘ ಶುರುವಾದದ್ದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ.

ಹೈನಾನ್ ಚೀನಾದ ದಕ್ಷಿಣ ತುದಿಯ ದೊಡ್ಡ ದ್ವೀಪ. 1988ರವರೆಗೂ ಅದು ಗ್ವಾಂಗ್‌ಡಾಂಗ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಜನ ಸಿಂಗಾಪುರಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ತಡವಾಗಿ, ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ. ಅಷ್ಟು ಹೊತ್ತಿಗೆ ಹೊಕ್ಕಿಯೆನ್ ಜನರು ವ್ಯಾಪಾರವನ್ನು ಹಿಡಿದಿದ್ದರು, ತಿಯೋಚು ಜನರ ಕೈಯಲ್ಲಿ ಮೆಣಸು, ಗ್ಯಾಂಬಿಯರ್, ಮೀನಿನ ವಹಿವಾಟು ಇತ್ತು, ಕ್ಯಾಂಟನೀಸರು ಮರಗೆಲಸ, ಚಿನ್ನದ ಕೆಲಸಗಳಲ್ಲಿ ನೆಲೆ ನಿಂತಿದ್ದರು. ಕೊನೆಗೆ ಬಂದವನಿಗೆ ಉಳಿದದ್ದು ಅಡುಗೆಮನೆ. ಹಡಗಿನಲ್ಲಿ ಅಡುಗೆ, ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ಅಡುಗೆ, ಇಲ್ಲೇ ತಲೆಮಾರುಗಳಿಂದ ನೆಲೆಸಿದ್ದ ಸಿರಿವಂತ ಪೆರನಾಕನ್ ಚೀನೀಯರ ಮನೆಗಳಲ್ಲಿ ಅಡುಗೆ, ದೊಡ್ಡ ಹೋಟೆಲುಗಳಲ್ಲಿ ಮಾಣಿ ಕೆಲಸ, ಬಾರಿನ ಕೆಲಸ. ರಾಫಲ್ಸ್ ಹೋಟೆಲಿನ ಹೆಸರಿನ ಜೊತೆಗೇ ಹೇಳುವ ‘ಸಿಂಗಾಪುರ ಸ್ಲಿಂಗ್’ ಪಾನೀಯವನ್ನು ಸುಮಾರು 1915ರಲ್ಲಿ ಬೆರೆಸಿ ಕೊಟ್ಟವರು ನ್ಗಿಯಾಮ್ ಟಾಂಗ್ ಬೂನ್ ಎಂಬ ಹೈನಾನಿನ ಬಾರ್ ಕೆಲಸಗಾರ. ಇವತ್ತಿಗೂ ಸಿಂಗಾಪುರದ ಚೀನಿಯರಲ್ಲಿ ಹೈನಾನಿನ ಮೂಲದವರು ನೂರಕ್ಕೆ ಆರರ ಆಸುಪಾಸು ಇದ್ದಾರೆ, ಅಷ್ಟೇ. ಆದರೆ ಈ ಊರಿನ ಬೆಳಗಿನ ಕಾಫಿ, ಕಾಯಾ ಜಾಮ್ ಹಚ್ಚಿದ ಟೋಸ್ಟು, ಮಧ್ಯಾಹ್ನದ ಕರಿ ರೈಸು, ಇವುಗಳಲ್ಲಿ ಯಾವುದನ್ನು ಹಿಡಿದು ಹಿಂದಕ್ಕೆ ಹೋದರೂ ಯಾರೋ ಒಬ್ಬ ಹೈನಾನಿಗನ ಒಲೆಯ ಮುಂದೆ ಹೋಗಿ ನಿಲ್ಲುತ್ತೇವೆ.

ಇದನ್ನು ಓದುವಾಗ ನಮ್ಮವರಿಗೆ ಉಡುಪಿ ನೆನಪಾದರೆ ಆಶ್ಚರ್ಯವಿಲ್ಲ. ಹತ್ತು ಹನ್ನೆರಡರ ವಯಸ್ಸಿಗೆ ಊರು ಬಿಟ್ಟು, ಮದರಾಸಿನಲ್ಲೋ ಮುಂಬಯಿಯಲ್ಲೋ ಸಂಬಂಧಿಕರ ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಅಡುಗೆ ಭಟ್ಟರಾಗಿ, ಕೊನೆಗೆ ಗಲ್ಲಾದ ಮೇಲೆ ಕುಳಿತವರ ಕಥೆ ನಮಗೆ ಮನೆಯ ಕಥೆ. ಹೈನಾನಿನ ಹುಡುಗರೂ ಹಾಗೇ ಬಂದರು. ಹೆಂಗಸರು ಮಾತ್ರ ಬಹುಕಾಲ ಬರಲಿಲ್ಲ. 1920ರ ದಶಕದವರೆಗೆ ಹೈನಾನಿನ ಹೆಣ್ಣುಮಕ್ಕಳು ಕಡಲು ದಾಟಿ ಬರುವುದು ತೀರ ಅಪರೂಪವಾಗಿತ್ತು. ಹೀಗಾಗಿ ಈ ಮೂರು ಬೀದಿಗಳು ಬಹುಮಟ್ಟಿಗೆ ಒಂಟಿ ಗಂಡಸರ ಬೀದಿಗಳು. ಅವರಿಗೆ ಹೊತ್ತುಹೊತ್ತಿಗೆ, ಕಡಿಮೆ ದುಡ್ಡಿಗೆ, ಊರಿನ ರುಚಿಯ ಊಟ ಬೇಕಿತ್ತು.

ಊರಿನ ರುಚಿ ಎಂದರೆ ಕೋಳಿ. ಹೈನಾನಿನ ಈಶಾನ್ಯಕ್ಕೆ ವೆನ್‌ಚಾಂಗ್ ಎಂಬ ಸೀಮೆ ಇದೆ; ಅಲ್ಲಿಯ ಕೋಳಿಗೆ ಚೀನಾದಲ್ಲೆಲ್ಲ ಹೆಸರು. ಮೈ ಚಿಕ್ಕದು, ಚರ್ಮದ ಕೆಳಗೆ ಕೊಬ್ಬು ಹೆಚ್ಚು, ಮಾಂಸ ಬಿಗಿ. ಅದನ್ನು ಇಡಿಯಾಗಿ ನೀರಿನಲ್ಲಿ ಬೇಯಿಸಿ, ಆ ನೀರಿನಲ್ಲೇ ಅನ್ನ ಮಾಡಿ, ಹಬ್ಬದ ದಿನ ಹಿರಿಯರ ಮುಂದೆ ಎಡೆ ಇಡುವುದು ಅಲ್ಲಿಯ ಪದ್ಧತಿ. ದಿನನಿತ್ಯದ ಊಟ ಅದಲ್ಲ. ಕೋಳಿ ಕೊಯ್ಯುವುದು ಬಡವರ ಮನೆಯಲ್ಲಿ ವರ್ಷಕ್ಕೆ ಕೆಲವೇ ಸಲ. ಹಬ್ಬದ ಆ ಎಡೆ ದಿನಗೂಲಿಯವನ ಮಧ್ಯಾಹ್ನದ ಊಟವಾದದ್ದು ಸಿಂಗಾಪುರದಲ್ಲಿ, ಮಿಡಲ್ ರೋಡಿನಲ್ಲಿ. ಈ ಪದಾರ್ಥದ ಹೆಸರು ಹೈನಾನಿನದಾದರೂ ಅದರ ಜನ್ಮಸ್ಥಳ ಈ ಬೀದಿ ಎಂದು ನಾನು ನಂಬುವುದು ಇದಕ್ಕಾಗಿ.

ಆ ಕೆಲಸ ಮಾಡಿದವರು ವಾಂಗ್ ಯಿ ಯುವಾನ್. 1920ರ ದಶಕದಲ್ಲಿ ಅವರು ಈ ಬೀದಿಗಳಲ್ಲಿ ಕೋಳಿ ಅನ್ನ ಮಾರುತ್ತಿದ್ದರು. ಅನ್ನವನ್ನು ಬಿಸಿ ಇರುವಾಗಲೇ ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಕೋಳಿಯ ಜೊತೆಗೆ ಕೊಡುವುದು ಅವರ ಕ್ರಮ. ಉಂಡೆ ಕಟ್ಟಿದ್ದು ಅಂದಕ್ಕಲ್ಲ. ಬಿಡಿ ಅನ್ನ ಬೇಗ ಆರುತ್ತದೆ, ಹೊತ್ತು ತಿರುಗುವಾಗ ಚೆಲ್ಲುತ್ತದೆ, ತಟ್ಟೆ ಬೇಡುತ್ತದೆ. ಉಂಡೆಗೆ ಇದ್ಯಾವುದೂ ಬೇಡ. ನಿಂತಲ್ಲೇ ಕೈಯಲ್ಲಿ ಹಿಡಿದು ತಿನ್ನಬಹುದು. ಮಲಾಕಾದಲ್ಲಿ ಇಂದಿಗೂ ಚಿಕನ್ ರೈಸನ್ನು ಉಂಡೆ ಕಟ್ಟಿಯೇ ಬಡಿಸುತ್ತಾರೆ. ವಾಂಗ್ ಮುಂದೆ ಹೈಲಾಮ್ ಸ್ಟ್ರೀಟಿನ ಒಂದು ಕಾಫಿ ಅಂಗಡಿಯೊಳಗೆ ಜಾಗ ಹಿಡಿದು ಕೂತರು. ಹೈಲಾಮ್ ಸ್ಟ್ರೀಟ್ ಈಗ ಬೂಗಿಸ್ ಜಂಕ್ಷನ್ ಮಳಿಗೆಯ ಗಾಜಿನ ಚಾವಣಿಯ ಕೆಳಗಿದೆ. ವಾರಾಂತ್ಯಕ್ಕೆ ಅಲ್ಲಿ ಓಡಾಡುವ ನಮ್ಮ ಯುವಕ ಯುವತಿಯರು ಇದನ್ನು ತಿಳಿದುಕೊಂಡಿರಲಿ.

ವಾಂಗ್ ಅವರ ಕೈಕೆಳಗೆ ಕೆಲಸ ಕಲಿತವರು ಮೋ ಲೀ ಟ್ವೀ. ಸ್ವೀ ಕೀಯನ್ನು ಕಟ್ಟಿದವರು ಇವರೇ. ಆದರೆ ಗುರುವಿನಿಂದ ಶಿಷ್ಯನಿಗೆ ವಿದ್ಯೆ ದಾಟುವುದಕ್ಕೂ ಹೋಟೆಲು ಬಾಗಿಲು ತೆರೆಯುವುದಕ್ಕೂ ನಡುವೆ ಒಂದು ಯುದ್ಧ ಬಂತು. 1939ರ ಫೆಬ್ರವರಿಯಲ್ಲಿ ಜಪಾನೀ ಸೈನ್ಯ ಹೈನಾನನ್ನು ಹಿಡಿಯಿತು. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. ಬ್ರಿಟಿಷರು ಸೆರೆಮನೆ ಸೇರಿದರು, ಬಂಗಲೆಗಳು ಖಾಲಿಯಾದವು, ಬಂಗಲೆಗಳ ಅಡುಗೆಮನೆಯನ್ನೇ ನಂಬಿದ್ದ ಹೈನಾನಿಗರಿಗೆ ಒಂದೇ ದಿನದಲ್ಲಿ ಅನ್ನದ ದಾರಿ ತಪ್ಪಿತು. ಬಿಳಿಯ ದೊರೆ ಇಲ್ಲದಿದ್ದರೂ ಬದುಕಬೇಕಲ್ಲ. ತಮಗೆ ಗೊತ್ತಿದ್ದ ಅಡುಗೆಯನ್ನೇ ಬೀದಿಗೆ ತಂದರು. ಪರ್ವಿಸ್ ಸ್ಟ್ರೀಟಿನ ಯೆಟ್ ಕಾನ್ ಹೋಟೆಲು ಹುಟ್ಟಿದ್ದೂ 1940ರ ದಶಕದ ಆರಂಭದಲ್ಲೇ. ಮನೆ ಆಳುಗಳಾಗಿದ್ದ ಹೈನಾನಿಗರು ಅಂಗಡಿಯ ಯಜಮಾನರಾದ ಈ ತಿರುವು ಕೋಳಿ ಅನ್ನದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನಗೆ ಅನಿಸುತ್ತದೆ. ಅದು ಯಾರೂ ಬಯಸಿ ತಂದುಕೊಂಡ ತಿರುವಲ್ಲ. ಜಪಾನೀ ಆಳ್ವಿಕೆಯ ಆ ಮೂರೂವರೆ ವರ್ಷಗಳಲ್ಲಿ ಈ ಊರಿನ ಚೀನೀ ಗಂಡಸರು ಎಷ್ಟೋ ಮಂದಿ ಜಪಾನೀಯರ ಕೈಯಲ್ಲಿ ಸತ್ತರು. ಅಕ್ಕಿ ಸಿಗದೆ ಜನ ಮರಗೆಣಸು ತಿಂದು ದಿನ ನೂಕಿದರು. ಆ ಹಸಿವನ್ನು ಕಂಡ ತಲೆಮಾರಿಗೆ ಕೊಬ್ಬಿನ ಮಿರುಗುಳ್ಳ ಅನ್ನದ ತಟ್ಟೆ ಏನಾಗಿ ಕಂಡಿರಬೇಕು ಎಂಬುದನ್ನು ನಾವು, ತುಂಬಿದ ಹೊಟ್ಟೆಯವರು, ಸ್ವಲ್ಪ ಊಹಿಸಿಕೊಳ್ಳಬೇಕು.

1945ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಮರಳಿದರು. 1947ರಲ್ಲಿ ಮೋ ಲೀ ಟ್ವೀ ಮಿಡಲ್ ರೋಡಿನಲ್ಲಿ ಸ್ವೀ ಕೀಯನ್ನು ತೆರೆದರು. ಅದೇ ವರ್ಷ ಸೆರಂಗೂನ್ ರೋಡಿನಲ್ಲಿ ಕೋಮಳ ವಿಲಾಸ್ ಶುರುವಾಯಿತು. ದೋಸೆಗೆ ಒಂದು, ಕೋಳಿ ಅನ್ನಕ್ಕೆ ಒಂದು, ಒಂದೇ ವರ್ಷದಲ್ಲಿ ಎರಡು ಮನೆತನದ ಹೋಟೆಲುಗಳನ್ನು ಪಡೆದ ಈ ಊರಿನ ಅದೃಷ್ಟ ದೊಡ್ಡದು.

ಗುರು ಬುಟ್ಟಿಯಲ್ಲಿ ಹೊತ್ತು ಮಾರಿದ್ದನ್ನು ಶಿಷ್ಯ ಮೇಜಿನ ಮೇಲಿಟ್ಟ. ಕೇಳಲು ಸಣ್ಣ ಬದಲಾವಣೆ. ಮೇಜು ಬಂದರೆ ಕುರ್ಚಿ ಬರುತ್ತದೆ, ಕುರ್ಚಿ ಬಂದರೆ ಹೆಂಡತಿ ಮಕ್ಕಳು ಬರುತ್ತಾರೆ. ಒಂಟಿ ಗಂಡಸರ ಬೀದಿ ಊಟವಾಗಿದ್ದದ್ದು ಹೀಗೆ ಸಂಸಾರಸಮೇತ ಹೋಗಿ ಉಣ್ಣುವ ಊಟವಾಯಿತು. ಉಂಡೆಯ ಕೆಲಸ ಮುಗಿಯಿತು, ಅನ್ನ ಬಿಡಿಯಾಗಿ ತಟ್ಟೆಗೆ ಬಂತು. ಅನ್ನ ಬಿಡಿಯಾದಾಗ ಅದರ ಒಂದೊಂದು ಅಗುಳೂ ಕಣ್ಣಿಗೆ ಬೀಳುತ್ತದೆ. ಅಡುಗೆಯವನು ಅಕ್ಕಿಯನ್ನು ಹೇಗೆ ಹುರಿದ, ಎಷ್ಟು ನೀರು ಹಿಡಿದ ಎಂಬುದು ಬಯಲಾಗುತ್ತದೆ. ಗಿರಾಕಿ ಕೋಳಿಗಿಂತ ಹೆಚ್ಚಾಗಿ ಅನ್ನವನ್ನು ನೋಡಿ ಹೋಟೆಲಿನ ಯೋಗ್ಯತೆ ಅಳೆಯುವ ಅಭ್ಯಾಸ ಈ ಊರಿನಲ್ಲಿ ಇಂದಿಗೂ ಇದೆ. ಕೋಳಿ ಚೆನ್ನಾಗಿದ್ದು ಅನ್ನ ಕೆಟ್ಟರೆ ಎರಡನೇ ಸಲ ಯಾರೂ ಹೋಗುವುದಿಲ್ಲ.

ಈ ಅಡುಗೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ನೋಡಲು ಇಷ್ಟು ಸರಳವಾಗಿರುವ ಇನ್ನೊಂದು ಪದಾರ್ಥ ಇಲ್ಲ, ಮಾಡಲು ಇಷ್ಟು ಎಚ್ಚರ ಬೇಡುವ ಪದಾರ್ಥವೂ ಕಡಿಮೆ. ನಮ್ಮ ಬಡಾವಣೆಯ ಹಾಕರ್ ಸೆಂಟರಿನಲ್ಲಿ, ಅಂದರೆ ಊಟದ ಅಂಗಡಿಗಳ ಸಾಲಿನಲ್ಲಿ, ಚಿಕನ್ ರೈಸ್ ಮಾಡುವ ಒಬ್ಬ ಅಂಕಲ್ ಇದ್ದಾರೆ. ಬೆಳಗಿನ ಜಾವ ಅವರ ಅಂಗಡಿಯ ಬಳಿ ನಿಂತು ನೋಡಲು ಅವರು ನನಗೆ ಬಿಟ್ಟಿದ್ದರು. ದೊಡ್ಡ ಪಾತ್ರೆಯಲ್ಲಿ ನೀರು ಕುದಿದು, ಶುಂಠಿ, ಈರುಳ್ಳಿ ಗಿಡದ ಬಿಳಿ ದಂಟು ಅದರಲ್ಲಿ ಬೆಂದಿರುತ್ತವೆ. ಕೋಳಿಯನ್ನು ಕತ್ತು ಹಿಡಿದು ಆ ನೀರಿಗೆ ಇಳಿಸುತ್ತಾರೆ, ಎತ್ತಿ ಹಿಡಿಯುತ್ತಾರೆ, ಹೊಟ್ಟೆಯೊಳಗೆ ತುಂಬಿದ ನೀರು ಸುರಿದುಹೋಗಲು ಬಿಡುತ್ತಾರೆ, ಮತ್ತೆ ಇಳಿಸುತ್ತಾರೆ. ಹೀಗೆ ಎರಡು ಮೂರು ಸಲ. ಒಳಗಿನ ತಣ್ಣನೆಯ ನೀರು ಹೊರಹೋಗಿ ಬಿಸಿನೀರು ಒಳಗೆ ತುಂಬಿದರೆ ಕೋಳಿ ಒಳಗೂ ಹೊರಗೂ ಒಂದೇ ಹದದಲ್ಲಿ ಬೇಯುತ್ತದೆ. ಆಮೇಲೆ ಉರಿ ತಗ್ಗಿಸಿಬಿಡುತ್ತಾರೆ. ನೀರು ಕುದಿಯಬಾರದು, ಮೇಲೆ ಸಣ್ಣದಾಗಿ ನಡುಗುತ್ತಿರಬೇಕು, ಅಷ್ಟೇ. ಕುದಿದರೆ ಚರ್ಮ ಹರಿಯುತ್ತದೆ, ಎದೆಯ ಮಾಂಸ ನಾರಾಗುತ್ತದೆ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮೇಲೆತ್ತಿ ಒಮ್ಮೆಲೇ ಮಂಜಿನ ನೀರಿಗೆ ಹಾಕುತ್ತಾರೆ. ಬೇಯುವುದು ಅಲ್ಲಿಗೆ ನಿಲ್ಲುತ್ತದೆ. ಚರ್ಮ ಬಿಗಿದು, ಚರ್ಮಕ್ಕೂ ಮಾಂಸಕ್ಕೂ ನಡುವೆ ಇರುವ ರಸ ತೆಳ್ಳಗೆ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಹೊಸಬರು ಅದನ್ನು ಕಂಡು ಕೋಳಿ ಬೆಂದಿಲ್ಲ ಎಂದುಕೊಳ್ಳುತ್ತಾರೆ. ತಿಳಿದವರು ಅದಿಲ್ಲದಿದ್ದರೆ ತಟ್ಟೆಯನ್ನು ಹಿಂದಕ್ಕೆ ಕಳಿಸುತ್ತಾರೆ.

ಅನ್ನದ್ದು ಇನ್ನೊಂದು ವಿದ್ಯೆ. ಕೋಳಿಯ ಹೊಟ್ಟೆಯೊಳಗಿನ ಕೊಬ್ಬನ್ನು ಬಾಣಲೆಯಲ್ಲಿ ಕರಗಿಸಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಶುಂಠಿಯನ್ನು ಅದರಲ್ಲಿ ಹೊಂಬಣ್ಣಕ್ಕೆ ಹುರಿದು, ತೊಳೆದು ಬಸಿದ ಅಕ್ಕಿ ಹಾಕಿ ಕೈಯಾಡಿಸುತ್ತಾರೆ. ಆಮೇಲೆ ಕೋಳಿ ಬೆಂದ ಸಾರು, ಗಂಟು ಕಟ್ಟಿದ ಪಾಂಡನ್ ಎಲೆ. ಪಾಂಡನ್ ನಮ್ಮ ಕೇದಗೆಯ ಜಾತಿಗೆ ಸೇರಿದ ಗಿಡ, ಸುವಾಸನೆ ಎಲೆಯಲ್ಲಿ. ಹೈನಾನಿನವರಿಗೆ ಅದನ್ನು ಕಲಿಸಿದ್ದು ಮಲಯ ನೆಲ. ನಿಂಬೆ ಜಾತಿಯ ಸಣ್ಣ ಕಲಮಾನ್ಸಿ ಹಣ್ಣಿನ ಹುಳಿ ಹಿಂಡಿ, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿಯನ್ನು ಕುಟ್ಟಿ, ಒಂದು ಸೌಟು ಸಾರು ಸೇರಿಸಿ ಮಾಡುವ ಖಾರವೂ ಈ ನೆಲದ ಕೊಡುಗೆಯೇ. ಎಳೆಯ ಕೋಳಿಯನ್ನು ಆರಿಸಿಕೊಳ್ಳುವುದು ಕ್ಯಾಂಟನೀಸರಿಂದ ಬಂತು. ವೆನ್‌ಚಾಂಗಿನ ಬಲಿತ ಬಿಗಿ ಮಾಂಸ ಇಲ್ಲಿಯ ಗಿರಾಕಿಗಳಿಗೆ ಹಿಡಿಸಲಿಲ್ಲ. ದೂರದ ದ್ವೀಪದ ಹಬ್ಬದ ಎಡೆ, ಮಲಯದ ಎಲೆ ಮತ್ತು ಹುಳಿ, ಕ್ಯಾಂಟನಿನ ಹದ, ಎಲ್ಲ ಒಂದೇ ತಟ್ಟೆಯಲ್ಲಿ. ಸಿಂಗಾಪುರವನ್ನು ವಿವರಿಸಲು ಸರ್ಕಾರದ ದೊಡ್ಡ ದೊಡ್ಡ ಫಲಕಗಳು ಮಾಡದ ಕೆಲಸವನ್ನು ಈ ತಟ್ಟೆ ಮಾಡುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಸ್ವೀ ಕೀಯಲ್ಲಿ ಉಂಡ ಹಿರಿಯರನ್ನು ಕೇಳಿದರೆ ಅವರು ಮೊದಲು ಹೇಳುವುದು ಆ ಖಾರದ ವಿಷಯ. ಮಧ್ಯ ವಯಸ್ಸು ದಾಟಿದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಅವರೂ ಹೈನಾನಿನ ಮನೆತನದವರೇ, ತಾವು ಚಿಕ್ಕವರಿದ್ದಾಗ ಭಾನುವಾರ ಅಪ್ಪ ಕರೆದುಕೊಂಡು ಹೋಗುತ್ತಿದ್ದದ್ದನ್ನು ಹೇಳುವಾಗ ಕೋಳಿಯ ಮಾತನ್ನು ಎರಡು ವಾಕ್ಯದಲ್ಲಿ ಮುಗಿಸಿ ಖಾರಕ್ಕೆ ಬಂದುಬಿಡುತ್ತಾರೆ. ಬೇರೆ ಕಡೆ ಖಾರ ಎಂದರೆ ಬರೀ ಖಾರ, ಅಲ್ಲಿ ಅದರಲ್ಲಿ ಕೋಳಿಯ ಸಾರೂ ಇರುತ್ತಿತ್ತು, ಅನ್ನಕ್ಕೆ ಕಲಸಿಕೊಂಡು ಬರೀ ಅದನ್ನೇ ತಿನ್ನಬಹುದಿತ್ತು ಎನ್ನುತ್ತಾರೆ. ನಮ್ಮಲ್ಲಿ ಹಳೆಯ ಹೋಟೆಲುಗಳ ಸಾಂಬಾರನ್ನು ನೆನೆಯುವ ಹಿರಿಯರ ದನಿಯೇ ಅದು.

1950ರ ದಶಕದ ಮಿಡಲ್ ರೋಡ್ ಊಟದ ಬೀದಿ ಮಾತ್ರ ಆಗಿರಲಿಲ್ಲ. ಬಸ್ ನೌಕರರು, ಕಾರ್ಖಾನೆ ಕಾರ್ಮಿಕರನ್ನು ಸಂಘಟಿಸಿದ ಎಡಪಂಥೀಯ ಕಾರ್ಮಿಕ ಸಂಘಗಳ ಕಚೇರಿಗಳು ಇದೇ ರಸ್ತೆಯಲ್ಲಿದ್ದವು. ಚರಿತ್ರೆಯಲ್ಲಿ ಅವುಗಳ ಹೆಸರೇ ‘ಮಿಡಲ್ ರೋಡ್ ಸಂಘಗಳು’. ಲಿಮ್ ಚಿನ್ ಸಿಯಾಂಗ್, ಫಾಂಗ್ ಸ್ವೀ ಸುವಾನ್ ಮುಂತಾದ ನಾಯಕರು ಇಲ್ಲಿಂದ ಮುಷ್ಕರಗಳನ್ನು ನಡೆಸಿದರು. ಸ್ವಾತಂತ್ರ್ಯದ ಮಾತು, ಬಂಧನ, ಲಾಠಿ, ಅಶ್ರುವಾಯು, ಇವೆಲ್ಲವನ್ನೂ ಕಂಡ ರಸ್ತೆ ಇದು. 1965ರ ಆಗಸ್ಟ್ 9ರಂದು ಸಿಂಗಾಪುರ ಸ್ವತಂತ್ರ ದೇಶವಾದಾಗ ಸ್ವೀ ಕೀಗೆ ಹದಿನೆಂಟು ವರ್ಷ. ದೇಶಕ್ಕಿಂತ ಹೋಟೆಲು ಹಿರಿದು. 

1960 ಮತ್ತು 70ರ ದಶಕ ಅದರ ಏರುಕಾಲ. ಊರಿಗೆ ನೆಂಟರು ಬಂದರೆ ಕರೆದುಕೊಂಡು ಹೋಗಬೇಕಾದ ಜಾಗಗಳಲ್ಲಿ ಅದೂ ಒಂದಾಯಿತು. ಚಿಕನ್ ರೈಸಿಗೆ ಇನ್ನೊಂದು ಹೆಸರೇ ಸ್ವೀ ಕೀ ಎಂಬಷ್ಟು ಜನಜನಿತವಾಯಿತು. ಅತ್ತ ಶ್ರೀಮಂತರ ಆರ್ಚರ್ಡ್ ರೋಡಿನಲ್ಲಿ 1971ರಲ್ಲಿ ಮ್ಯಾಂಡರಿನ್ ಹೋಟೆಲಿನ ಚಾಟರ್‌ಬಾಕ್ಸ್ ತೆರೆಯಿತು. ಬೀದಿಯ ಊಟವನ್ನು ಪಂಚತಾರಾ ಹೋಟೆಲಿನ ಬೆಲೆಗೆ ಮಾರಿ ಅದೂ ಹೆಸರು ಮಾಡಿತು. ಬಾಳೆಲೆಯ ಉಂಡೆಯಿಂದ ಪಿಂಗಾಣಿಯ ಬಟ್ಟಲಿನವರೆಗೆ ಬರಲು ಹಿಡಿದದ್ದು ಸುಮಾರು ಐವತ್ತು ವರ್ಷ. ನಡುವಿನ ಮೆಟ್ಟಿಲು ಸ್ವೀ ಕೀ.

ಇದೇ ಹೊತ್ತಿಗೆ ಊರು ಬದಲಾಗುತ್ತಿತ್ತು. 1970ರ ದಶಕದ ಆರಂಭದಿಂದ 1986ರವರೆಗೆ ಸರ್ಕಾರ ಬೀದಿ ವ್ಯಾಪಾರಿಗಳನ್ನೆಲ್ಲ ನಲ್ಲಿ, ಚರಂಡಿ, ಚಾವಣಿ ಇರುವ ಹಾಕರ್ ಸೆಂಟರುಗಳಿಗೆ ಸಾಗಿಸಿತು. ಜನರು ಹಳೆಯ ಪೇಟೆ ಬಿಟ್ಟು ಹೊಸ ಬಡಾವಣೆಗಳ ಸರ್ಕಾರಿ ಫ್ಲ್ಯಾಟುಗಳಿಗೆ ಹೋದರು. ಪ್ರತಿ ಬಡಾವಣೆಗೂ ಒಂದು ಹಾಕರ್ ಸೆಂಟರ್, ಪ್ರತಿ ಸೆಂಟರಿನಲ್ಲೂ ಒಂದೆರಡು ಚಿಕನ್ ರೈಸ್ ಅಂಗಡಿ. ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನ ತಿಯಾನ್ ತಿಯಾನ್, ಈಗ ಪ್ರವಾಸಿಗರ ಸಾಲು ಬೆಳೆಯುವ ಅಂಗಡಿ, 1987ರಲ್ಲಿ ಶುರುವಾದದ್ದು. ಲಿಫ್ಟಿನಲ್ಲಿ ಇಳಿದರೆ ಸಿಗುವ ಊಟಕ್ಕೆ ಬಸ್ಸು ಹತ್ತಿ ಮಿಡಲ್ ರೋಡಿಗೆ ಯಾರು ಹೋಗುತ್ತಾರೆ? ಆ ಹೊತ್ತಿಗೆ ಮಿಡಲ್ ರೋಡಿನ ಸುತ್ತಲ ಮನೆಗಳೂ ಖಾಲಿಯಾಗಿದ್ದವು. 1989ರಲ್ಲಿ ಬೂಗಿಸ್ ರೈಲು ನಿಲ್ದಾಣ ಬಂತು, 1995ರಲ್ಲಿ ಬೂಗಿಸ್ ಜಂಕ್ಷನ್. ಹಳೆಯ ಅಂಗಡಿಮನೆಗಳ ಸಾಲುಗಳು ಒಂದೊಂದಾಗಿ ನೆಲಕ್ಕುರುಳಿ ಗಾಜಿನ ಕಟ್ಟಡಗಳಿಗೆ ಜಾಗ ಬಿಟ್ಟವು. 1997ರಲ್ಲಿ ಸ್ವೀ ಕೀ ಬಾಗಿಲು ಮುಚ್ಚಿತು.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಅದು ಸಿಂಗಾಪುರದ ಕನ್ನಡ ಸಂಘ ಶುರುವಾದ ಮರುವರ್ಷ. ಸಾಫ್ಟ್‌ವೇರ್ ಕೆಲಸಕ್ಕೆಂದು ಕನ್ನಡಿಗರು ಹೆಚ್ಚು ಹೆಚ್ಚಾಗಿ ಇಲ್ಲಿಗೆ ಬರತೊಡಗಿದ್ದು ಅದಾದ ಮೇಲೆಯೇ. ನಾನೂ ಬಂದದ್ದು ಹಾಗೆ, ಸ್ವೀ ಕೀ ಮುಚ್ಚಿದ ಮೇಲೆ. ಆದ್ದರಿಂದ ನಮ್ಮಲ್ಲಿ ಬಹುಮಂದಿ ಅದರ ಹೆಸರನ್ನೂ ಕೇಳಿಲ್ಲ. ಆದರೆ ನಾವು ಉಂಡಿದ್ದೇವೆ. ಸ್ವೀ ಕೀಯಲ್ಲಿ ಕೋಳಿ ಕತ್ತರಿಸಿದವರು, ಅನ್ನ ಮಾಡಿದವರು, ಮೇಜಿಗೆ ತಂದು ಇಟ್ಟವರು ಹೊರಬಿದ್ದು ತಮ್ಮದೇ ಅಂಗಡಿಗಳನ್ನು ಇಟ್ಟರು. ಅವರ ಕೈಯಲ್ಲಿ ಕಲಿತವರು ಇನ್ನಷ್ಟು ಅಂಗಡಿಗಳನ್ನು ಇಟ್ಟರು. ಊರಿನ ಹಳೆಯ ಚಿಕನ್ ರೈಸ್ ಅಂಗಡಿಗಳಲ್ಲಿ ವಿಚಾರಿಸಿದರೆ ‘ನಮ್ಮಪ್ಪ ಸ್ವೀ ಕೀಯಲ್ಲಿ ಕೆಲಸಕ್ಕಿದ್ದರು’ ಎಂಬ ಮಾತು ಕೇಳಿಬರುತ್ತದೆ. ಒಂದು ಸಂಸ್ಥೆಯ ಆಸ್ತಿ ಎಂದರೆ ಅದರ ಕಟ್ಟಡ, ಬೋರ್ಡು, ಗಲ್ಲಾಪೆಟ್ಟಿಗೆ ಎಂದು ಲೆಕ್ಕ ಹಾಕುವವರಿಗೆ ಸ್ವೀ ಕೀ 1997ಕ್ಕೆ ಮುಗಿದಂತೆ. ಅದು ತಯಾರು ಮಾಡಿದ ಕೈಗಳನ್ನು ಲೆಕ್ಕಕ್ಕೆ ಹಿಡಿದರೆ ಅದಿನ್ನೂ ನಡೆಯುತ್ತಿದೆ.

ಮುಂದಿನದನ್ನು ಚುಟುಕಾಗಿ ಹೇಳಬಹುದು. 2000ದಲ್ಲಿ ‘ಚಿಕನ್ ರೈಸ್ ವಾರ್’ ಎಂಬ ಸಿನಿಮಾ ಬಂತು, ಎರಡು ಚಿಕನ್ ರೈಸ್ ಕುಟುಂಬಗಳ ಜಗಳದ ಕಥೆ. 2009ರಲ್ಲಿ ಮಲೇಷ್ಯಾದ ಪ್ರವಾಸೋದ್ಯಮ ಮಂತ್ರಿ ಈ ಊಟ ತಮ್ಮ ದೇಶದ್ದೆಂದು ಹೇಳಿ ಎರಡೂ ಕಡೆಯ ಪತ್ರಿಕೆಗಳಿಗೆ ವಾರಗಟ್ಟಲೆ ಕೆಲಸ ಕೊಟ್ಟರು. ಹೈನಾನಿನ ಅಡುಗೆಯವರು ಮಲಯದ ಊರೂರಿಗೂ ಹೋಗಿದ್ದರು, ಥಾಯ್ಲೆಂಡಿಗೂ ಹೋಗಿದ್ದರು. ಅಲ್ಲಿ ಇದೇ ಅನ್ನಕ್ಕೆ ‘ಖಾವ್ ಮನ್ ಗೈ’ ಎನ್ನುತ್ತಾರೆ. ಹೀಗಿರುವಾಗ ಇದು ನಮ್ಮದು, ನಿಮ್ಮದಲ್ಲ ಎಂಬ ಜಗಳಕ್ಕೆ ಅರ್ಥವಿದೆ ಎಂದು ನನಗೆ ಅನಿಸಿಲ್ಲ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಸಿಂಗಾಪುರದ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

2022ರ ಜೂನ್ 1ರ ಸಂಗತಿ ಮಾತ್ರ ಇಲ್ಲಿದ್ದವರೆಲ್ಲರಿಗೂ ನೆನಪಿರಬೇಕು. ಮಲೇಷ್ಯಾ ತನ್ನ ಊರಿನಲ್ಲೇ ಕೋಳಿ ಸಾಲದೆ ರಫ್ತು ನಿಲ್ಲಿಸಿತು. ಸಿಂಗಾಪುರ ತಿನ್ನುವ ಕೋಳಿಯಲ್ಲಿ ಮೂರನೇ ಒಂದು ಭಾಗ ಅಲ್ಲಿಂದ ಬರುತ್ತಿತ್ತು. ಜೀವಂತವಾಗಿ ಬಂದು ಇಲ್ಲಿ ಕೊಯ್ದ ತಾಜಾ ಕೋಳಿ ಎಲ್ಲ ಅಲ್ಲಿಯದೇ. ಬ್ರೆಜಿಲಿನ ಹೆಪ್ಪುಗಟ್ಟಿದ ಕೋಳಿ ಬೇಕಾದಷ್ಟಿತ್ತು. ಆದರೆ ಹಿಂದೆ ಹೇಳಿದ ಆ ಬಿಗಿದ ಚರ್ಮ, ಅದರ ಕೆಳಗಿನ ಹೆಪ್ಪು ರಸ ಹೆಪ್ಪುಗಟ್ಟಿಸಿ ತಂದ ಕೋಳಿಯಲ್ಲಿ ಬರುವುದಿಲ್ಲ. ಕೆಲವು ಹೆಸರಾದ ಅಂಗಡಿಗಳು ಹೆಪ್ಪುಗಟ್ಟಿದ ಕೋಳಿಯಲ್ಲಿ ಮಾಡುವುದಕ್ಕಿಂತ ಕೋಳಿಯನ್ನೇ ನಿಲ್ಲಿಸುತ್ತೇವೆ ಎಂದವು. ನಿಷೇಧ ಪೂರ್ತಿ ಸಡಿಲವಾದದ್ದು ಅಕ್ಟೋಬರಿನಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಹಾಕರ್ ಸೆಂಟರಿನ ಅಂಕಲ್ ಹುರಿದ ಕೋಳಿ, ಸೋಯಾದಲ್ಲಿ ಬೇಯಿಸಿದ ಕೋಳಿ ಮಾತ್ರ ಮಾಡಿದರು. ನೀರಿನಲ್ಲಿ ಬೇಯಿಸಿದ ಬಿಳಿ ಕೋಳಿಯ ಕೊಕ್ಕೆಗಳು ಗಾಜಿನ ಪೆಟ್ಟಿಗೆಯಲ್ಲಿ ಖಾಲಿಯಾಗಿ ತೂಗುತ್ತಿದ್ದವು. ವ್ಯಾಪಾರ ಬಿದ್ದರೂ ಹದಗೆಟ್ಟದ್ದನ್ನು ಕೊಡಲಾರೆ ಎಂಬ ಅವರ ಹಟವನ್ನು ಕಂಡು ನನಗೆ ಗೌರವ ಹೆಚ್ಚಿತು.

ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಎಂ.ಟಿ.ಆರ್. 2013ರಲ್ಲಿ ಸಿಂಗಾಪುರಕ್ಕೆ ಬಂದಾಗ ಸೆರಂಗೂನ್ ರೋಡಿನಲ್ಲಿ ಸಾಲು ನಿಂತವರಲ್ಲಿ ನಾವೆಲ್ಲ ಇದ್ದೆವು. ರವೆ ಇಡ್ಲಿ ನಮ್ಮ ಮುಂದೆ ಬಂದಾಗ ಕೆಲವರ ಕಣ್ಣು ಒದ್ದೆಯಾದದ್ದನ್ನೂ ಕಂಡಿದ್ದೇನೆ. ಹೋಟೆಲಿನ ರುಚಿ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವೀ ಕೀಯ ಹೆಸರು ಹೇಳಿದಾಗ ನನ್ನ ಆ ಹೈನಾನಿನ ಸಹೋದ್ಯೋಗಿಗೆ ಆಗುವುದೂ ಅದೇ.

ಒಂದು ಕೊರಗು ಉಳಿದಿದೆ, ಅದನ್ನು ಹೇಳದಿದ್ದರೆ ಈ ಲೇಖನ ಅರ್ಧವಾದೀತು. ವಾಂಗ್ ಯಿ ಯುವಾನ್, ಮೋ ಲೀ ಟ್ವೀ ಎಂಬ ಎರಡು ಹೆಸರು ಚರಿತ್ರೆಯಲ್ಲಿ ಉಳಿದವು. ಒಳಗೆ ಐವತ್ತು ವರ್ಷ ಪಾತ್ರೆ ಕಾದವರು, ಖಾರ ಕುಟ್ಟಿದವರು, ತಟ್ಟೆ ತೊಳೆದವರು ಯಾರ ಪುಸ್ತಕದಲ್ಲೂ ಹೆಸರಾಗಿ ನಿಂತಿಲ್ಲ. ಅವರಲ್ಲಿ ಹಲವರು ಈಗ ಎಪ್ಪತ್ತು ಎಂಬತ್ತು ದಾಟಿದವರಾಗಿ ಇದೇ ಊರಿನ ಫ್ಲ್ಯಾಟುಗಳಲ್ಲಿ ಇರಬಹುದು. ನಮ್ಮಲ್ಲಿ ಯಾರದೋ ಮೇಲಿನ ಮಹಡಿಯಲ್ಲಿ, ಯಾರದೋ ಎದುರು ಮನೆಯಲ್ಲಿ. ಲಿಫ್ಟಿನಲ್ಲಿ ಸಿಗುವ ಅಂಥ ಹಿರಿಯರನ್ನು ಓದುಗರು ದಯವಿಟ್ಟು ಮಾತನಾಡಿಸಬೇಕು, ಮಿಡಲ್ ರೋಡಿನ ಹೆಸರೆತ್ತಿ ಕೇಳಬೇಕು. ಮ್ಯಾಂಡರಿನ್ ಬಾರದವರು ಮಕ್ಕಳನ್ನು ಜೊತೆಗೆ ಕರೆದುಕೊಳ್ಳಲಿ, ಶಾಲೆಯಲ್ಲಿ ಚೀನೀ ಗೆಳೆಯರ ನಡುವೆ ಬೆಳೆದ ಅವರಿಗೆ ನಮಗಿಂತ ಹೆಚ್ಚು ಮಾತು ಬರುತ್ತದೆ. ಸಿಕ್ಕ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಪಾದಕರಿಗೆ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅವರ ಹೆಸರುಗಳನ್ನೂ, ಅವರು ಒಪ್ಪಿದರೆ ಅವರ ಚಿತ್ರಗಳನ್ನೂ ಅಚ್ಚು ಹಾಕಬಹುದು.